ಎರಡು ಬೆರಳು ಹೆಚ್ಚು ಬಟ್ಟೆ

ಇಸ್ತ್ರಿಯ ಬಿಸಿ ಇನ್ನೂ ಆರಿಲ್ಲ, ಕಾಗದದ ಪೊಟ್ಟಣದೊಳಗಿಂದಲೇ ತೊಡೆಗೆ ತಾಗುತ್ತಿದೆ, ಮಗು ಮಲಗಿದ ಹಾಗೆ — ಥೂ, ಯಾಕೆ ಹಾಗಂದುಕೊಂಡಳು, ಟೈಲರಮ್ಮನ ನಾಲಗೆಗಷ್ಟೇ ಅಲ್ಲ ಮನಸ್ಸಿಗೂ ಕಡಿವಾಣವಿಲ್ಲ, ಇಷ್ಟು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ತನ್ನಷ್ಟಕ್ಕೇ ಮಾತಾಡಿ ಮಾತಾಡಿ ಹೀಗಾಯಿತು. ಆಸ್ಪತ್ರೆಯ ಬೆಂಚು ತಣ್ಣಗಿದೆ, ಎದುರಿನ ಬಾಗಿಲು ಹಸಿರು, ಬಾಗಿಲ ಹಿಂದೆ ಮೊಮ್ಮಗಳು, ನಿನ್ನೆ ಬೆಳಿಗ್ಗೆ ಹುಟ್ಟಿದವಳು, ಹುಟ್ಟುವ ಮೊದಲೇ ಹೋದವಳು. ಅಳಿಯ ಪೆಟ್ಟಿಗೆ ತರಲು ಹೋಗಿದ್ದಾನೆ, ನಾಲ್ಕಕ್ಕೆ ಚರ್ಚಿನಿಂದ ಸಭೆಯ ಅಯ್ಯನವರು ಬರುತ್ತಾರೆ, ಪ್ರಾರ್ಥನೆ ಮುಗಿಸಿ ಮುಚ್ಚುತ್ತಾರೆ, ಈಗ ಮೂರೂಕಾಲು, ಅಷ್ಟರೊಳಗೆ ಬಟ್ಟೆ ತೊಡಿಸಬೇಕು. ಅಮ್ಮ, ನೀನೇ ಹಾಕು, ಬೇರೆ ಯಾರೂ ಮುಟ್ಟೋದು ಬೇಡ, ಅಂತ ಮಗಳು ಮೇಲಿನ ವಾರ್ಡಿನಲ್ಲಿ ಗೋಡೆ ಕಡೆ ತಿರುಗಿಕೊಂಡೇ ಹೇಳಿದಳು, ಆಯ್ತು ಪುಟ್ಟಾ ಅಂದುಬಿಟ್ಟಳು ಇವಳು, ಅನ್ನುವುದಕ್ಕೇನು, ಬಾಯಿ ಅನ್ನುತ್ತದೆ, ಕಾಲು ಏಳಬೇಕಲ್ಲ. ನರ್ಸು ಎರಡು ಸಲ ಬಂದು ಹೋದಳು, ನಾನೇ ಹಾಕಿಬಿಡ್ಲಾ ಅಮ್ಮ, ನಂಗೆ ಅಭ್ಯಾಸ ಇದೆ. ಕೊಟ್ಟುಬಿಡಬಹುದಿತ್ತು, ಮಗಳಿಗೆ ಗೊತ್ತೂ ಆಗುತ್ತಿರಲಿಲ್ಲ.

ಸಭೆಯ ಮಕ್ಕಳ ದೀಕ್ಷಾಸ್ನಾನಕ್ಕೆಲ್ಲ ಬಿಳಿ ಅಂಗಿ ಹೊಲಿದವಳು, ತೊಡಿಸಿದವಳೂ ಅವಳೇ, ತನ್ನ ಮೊಮ್ಮಗುವಿಗೆ ಮಾತ್ರ ಐದನೇ ತಿಂಗಳಲ್ಲಿ ಬಟ್ಟೆ ತಂದು ಟ್ರಂಕಿನ ತಳಕ್ಕೆ ಹಾಕಿದ್ದಳು, ಕತ್ತರಿ ತಾಗಿಸಲಿಲ್ಲ, ಮೊದಲು ಹುಟ್ಟಲಿ ಕಣೇ ಅಂದಳು. ಮಗಳು ಹೊಟ್ಟೆ ಹಿಡಿದು ನಕ್ಕಿದ್ದಳು, ಊರ ಮಕ್ಕಳಿಗೆಲ್ಲ ಹೊಲಿತೀಯ, ನನ್ನ ಮಗು ಬರಿಮೈಯಲ್ಲಿ ಬರ್ಬೇಕಾ, ಸ್ತ್ರೀಯರ ಕೂಟದಲ್ಲಿ ಎದ್ದು ನಿಂತು ಹೆದರಬೇಡಿ ಅಂತ ಎಲ್ಲರಿಗೂ ಹೇಳೋಳು ನೀನೇ ಅಲ್ವಾ. ಹೌದು, ಹೇಳುತ್ತಿದ್ದಳು, ಚೆನ್ನಾಗಿಯೇ ಹೇಳುತ್ತಿದ್ದಳು. ನಂಬಿ ಮೊದಲೇ ಹೊಲಿದಿದ್ದರೆ ಉಳಿಯುತ್ತಿತ್ತೇನೋ — ಸುಮ್ಮನಿರು, ಅಂಗಿ ನೋಡಿ ಮಗುವನ್ನು ಕಳಿಸುವ ದೇವರೇನು ಅವನು. ಇವತ್ತು ಬೆಳಿಗ್ಗೆ ಕತ್ತರಿಸಿದಳು, ಕೈ ತನ್ನ ಪಾಡಿಗೆ ಓಡಿತು, ಇಲ್ಲಿಗೆ ಹೊರಡುವ ಮುಂಚೆ ಇಸ್ತ್ರಿ ಮಾಡುವಾಗ ಅಂಗಿ ತಿರುಗಿಸಿ ನೋಡಿದರೆ ಎರಡೂ ಪಕ್ಕದ ಹೊಲಿಗೆಯೊಳಗೆ ಎರಡೆರಡು ಬೆರಳು ಹೆಚ್ಚು ಬಟ್ಟೆ ಮಡಿಸಿಬಿಟ್ಟಿದ್ದಾಳೆ, ಮಗು ಬೆಳೆದಾಗ ಬಿಚ್ಚಿ ಸಡಿಲಿಸಿಕೊಳ್ಳಲಿ ಅಂತ ಎಲ್ಲ ಮಕ್ಕಳಿಗೂ ಬಿಡುವ ಹಾಗೆ. ಬ್ಲೇಡು ತಗೊಂಡು ನಾಲ್ಕು ಹೊಲಿಗೆ ಬಿಚ್ಚಿದಳು, ನಿಲ್ಲಿಸಿದಳು, ಇರಲಿ, ಅಲ್ಲಿ ಬೆಳೆಯುತ್ತಾಳೋ ಏನೋ, ಅಲ್ಲಿ ಬಿಚ್ಚಿ ಕೊಡುವವರು ಇರುತ್ತಾರೋ ಏನೋ, ನಾಲ್ಕು ಹೊಲಿಗೆಯನ್ನೂ ಮತ್ತೆ ಹಾಕಿದಳು, ಕಣ್ಣೀರು ಬಿದ್ದ ಕಡೆ ಮತ್ತೆ ಇಸ್ತ್ರಿ ಎಳೆದಳು.

ಅಷ್ಟೆಲ್ಲ ಮಾಡಿದವಳು ಈ ಬಾಗಿಲಿಗೆ ಹೆದರುತ್ತಾಳೆ. ಮೂವತ್ತು ವರ್ಷದ ಹಿಂದೆ, ಮಗಳಿಗಿಂತ ಮೊದಲು, ಒಂದು ಗಂಡು, ಅದೂ ಹೀಗೇ, ಅತ್ತೆ ಟವೆಲಿನಲ್ಲಿ ಸುತ್ತಿಕೊಂಡು ಮಂಚದ ಹತ್ತಿರ ಬಂದಳು, ನೋಡ್ತೀಯೇನಮ್ಮ, ಒಂದು ಸಲ ನೋಡು, ಬೇಡ ಅತ್ತೆ ಬೇಡ ಅಂತ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು, ಅತ್ತೆಯ ಹೆಜ್ಜೆ ದೂರ ಹೋಯಿತು, ನೋಡದೇ ಇದ್ದ ಆ ಮುಖ ಮಾತ್ರ ಎಲ್ಲೂ ಹೋಗಲಿಲ್ಲ. ಮಗಳು ಶಾಲೆಯಿಂದ ಬರಲು ಐದು ನಿಮಿಷ ತಡವಾದರೆ ಎದೆ ಧಸಕ್ಕೆನ್ನುತ್ತಿತ್ತು, ಆಗಲೂ ಕಣ್ಣ ಮುಂದೆ ಅದೇ ಟವೆಲು. ಕರ್ತನೇ, ಅಂತ ಶುರುಮಾಡುತ್ತಾಳೆ, ಮುಂದೆ ಬರುವುದಿಲ್ಲ, ಕೂಟದಲ್ಲಾದರೆ ಗಂಟೆಗಟ್ಟಲೆ ಬರುತ್ತಿತ್ತು. ಕೊನೆಗೆ ಜಗಳಕ್ಕೇ ನಿಂತಳು, ಇನ್ನೇನು ಕಿತ್ಕೋಬೇಕು ನಮ್ಮ ಮನೇಲಿ, ಎರಡಾಯ್ತಲ್ಲ, ನಿನ್ನನ್ನ ಶಿಲುಬೆಯಿಂದ ಇಳಿಸೋವರೆಗೂ ನಿನ್ನ ತಾಯಿ ಅಲ್ಲೇ ನಿಂತಿದ್ದಳಲ್ಲ, ಅವಳೇನು ಕಲ್ಲಾ, ಅವಳಿಗೂ ಹೆದರಿಕೆಯಾಗಿರಬೇಕು, ಅವಳಿಗೆ ಯಾರು ಧೈರ್ಯ ಕೊಟ್ಟರೋ ಅವರನ್ನೇ ನನಗೂ ಕಳಿಸು — ಇಲ್ಲ, ನೀನೇ ಬಾ, ಭಯ ತೆಗಿ ಅಂತ ಕೇಳಲ್ಲ, ಅದೂ ಬರಲಿ, ನೀನೂ ಬಾ, ಒಟ್ಟಿಗೇ ಹೋಗೋಣ. ನರ್ಸು ಮೂರನೇ ಸಲ ಬಂದಾಗ, ಬೇಡಮ್ಮ, ನಾನೇ ಹಾಕ್ತೀನಿ, ಅಂದವಳು ಇವಳೇ, ಎದ್ದು ನಿಂತದ್ದೂ ಇವಳೇ.

ಕೋಣೆ ಚಿಕ್ಕದು, ಮೇಜಿನ ಮೇಲೆ ನೀಲಿ ಬಟ್ಟೆ, ಸರಿಸಿದಳು, ಕಣ್ಣು ಮುಚ್ಚಲಿಲ್ಲ. ಮಗಳ ಹಣೆ, ಅಳಿಯನ ಮೂಗು, ಒಂದು ಕಿವಿ ಸ್ವಲ್ಪ ಮಡಚಿದೆ, ಅಯ್ಯೋ ಇಷ್ಟೇನಾ, ಇಷ್ಟಕ್ಕಾ ಮೂವತ್ತು ವರ್ಷ ಹೆದರಿದ್ದು, ಒಂದು ಕೂಸಿನ ಮುಖ, ಅವನದೂ ಹೀಗೇ ಇದ್ದಿರಬೇಕಲ್ಲವಾ, ನೋಡಬಹುದಿತ್ತಲ್ಲ, ಮಗನೇ, ನೋಡಬಹುದಿತ್ತಲ್ಲ ನಿನ್ನನ್ನ. ತಲೆ ಎತ್ತಿ ಅಂಗಿ ಇಳಿಸಿದಳು, ಬಲಗೈ ಹೋಯಿತು, ಎಡಗೈಯನ್ನು ಅಂಗಿಯ ತೋಳಿಗೆ ತೂರಿಸಿ ಈಚೆ ತಂದಳು, ಪುಟ್ಟ ಮುಷ್ಟಿ, ಒಳಗೆ ಹೆಬ್ಬೆರಳು — ಇಲ್ಲಿಗೆ ಬಂದರೆ ಎಲ್ಲ ಮಕ್ಕಳೂ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ, ಎಷ್ಟು ಮಕ್ಕಳಿಗೆ ತೊಡಿಸಿದ್ದಾಳೆ, ಒಂದೂ ಎಳೆದುಕೊಳ್ಳದೆ ಬಿಟ್ಟಿಲ್ಲ, ಎಳೆದುಕೊಳ್ಳಲಿ ಅಂತ ಒಂದು ಗಳಿಗೆ ಸಡಿಲ ಬಿಟ್ಟು ಮತ್ತೆ ಹಿಡಿಯುವುದು ಅವಳ ರೂಢಿ, ಬಿಟ್ಟಳು, ಕಾದಳು, ಅಂಗಿಯ ತೋಳು, ಅಂಚಿನಲ್ಲಿ ಮುಷ್ಟಿ, ಒಳಗೆ ಹೆಬ್ಬೆರಳು, ಎಳ್ಕೋ ಪುಟ್ಟಾ, ಅಂಚಿನಲ್ಲಿ ಮುಷ್ಟಿ, ಎಳ್ಕೋ, ಮುಷ್ಟಿ ಅಲ್ಲೇ ಇದೆ.