ಅಮಾಸಿ ದಿನದ ಹೊಳೆ

ತಿಂಥಣಿಯಲ್ಲಿ ತುಂಬಿ ಹರಿಯುತ್ತಿದ್ದ ಕೃಷ್ಣೆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಬತ್ತಿಹೋಗಿದ್ದಳು! ಅಂಜನಾ ಬರೆದ ಆ್ಯಪ್‌ನಲ್ಲಿ ನೀರಿನ ಮಟ್ಟ ಸೊನ್ನೆ ಎಂದಿತ್ತು. ಶಹಾಪುರದ ಕಚೇರಿಯಿಂದ ಅವಳು, ದಿನಾ ಹೊಳೆಯ ಅಳತೆ ಕಳಿಸುವ ಮಾನಮ್ಮನಿಗೆ ಫೋನ್ ಮಾಡಿದಳು.

"ಇವತ್ತು ಅಮಾಸಿ ಅಲ್ರಿ ಮೇಡಮ್ಮಾರ? ಅಮಾಸಿಗಿ ನಾವು ಹೊಳಿಗಿ ಇಳಿಯಂಗಿಲ್ಲ. ನಾ ಅಳಿಲಿಲ್ಲಂದ್ರ ಹೊಳಿ ಬತ್ತಿ ಹೋತೇನ್ರಿ?"

ಅಂಜನಾ ಆ್ಯಪ್‌ನ ಕೋಡ್ ತೆರೆದು ನೋಡಿದಳು. ಅಳತೆ ಬಾರದ ದಿನ ಡೇಟಾಬೇಸ್‌ನಲ್ಲಿ ನಲ್, ಅಂದರೆ ಬರೀ ಖಾಲಿ ಜಾಗ, ಉಳಿಯುತ್ತದೆ. ಅದನ್ನು ಸೊನ್ನೆಯೆಂದು ತೋರಿಸುವ ಸಾಲು ಬರೆದವಳು ಅವಳೇ. ಆ ಸಾಲನ್ನು ಕಿತ್ತೆಸೆದು, ನಲ್ ಇದ್ದರೆ 'ಇವತ್ತಿನ ಮಟ್ಟ ಗೊತ್ತಿಲ್ಲ' ಎಂದು ತೋರಿಸಿ, ಕೆಳಗೆ ಹಿಂದಿನ ಅಳತೆಯನ್ನು ತಾರೀಖಿನ ಸಮೇತ ಕೊಡುವಂತೆ ಬರೆದಳು.

ಮುಂದಿನ ಅಮಾವಾಸ್ಯೆಗೆ ಮಾನಮ್ಮನೇ ಫೋನ್ ಮಾಡಿದಳು. "ನಿಮ್ಮ ಆ್ಯಪು ಗೊತ್ತಿಲ್ಲದ್ದಕ್ಕ ಗೊತ್ತಿಲ್ಲಂತ ಹೇಳಾಕತ್ತದ್ರಿ. ನಮ್ಮೂರ ಹಿರ್ಯಾರಿಗೂ ಒಂದೀಟು ಕಲಿಸ್ರಿ!"