ಏಳನೇ ಅಧ್ಯಾಯದ ಕಾಗೆ

ಅತ್ತೆಗೆ ವಿನಯ ಅನ್ನುವುದು ಹುಟ್ಟಿನಿಂದಲೇ ಬಂದಿರಲಿಲ್ಲ. ಬಸ್ ನಿಲ್ದಾಣದ ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ ಆಕೆ ಹತ್ತೊಂಬತ್ತು ವರ್ಷ ಕೂತಿದ್ದಳು. ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಹಲ್ಲುಸೆಟ್ಟು, ಹೀಗೆ ಜನ ಮರೆತು ಹೋದದ್ದಕ್ಕೆಲ್ಲ ಚೀಟಿ ಅಂಟಿಸಿ ಕಾಯುತ್ತ, ನಡುವೆ ಸಿಕ್ಕ ಬಿಡುವಿನಲ್ಲಿ ಮಕ್ಕಳಿಗೊಂದು ದಪ್ಪ ಕಾದಂಬರಿ ಬರೆದಳು. ಮಾಯಾವಿದ್ಯೆಯ ಶಾಲೆಗೆ ಸೇರಿದ ಗುಂಗುರ ಎಂಬ ಪುಟ್ಟ ಮಾಂತ್ರಿಕನ ಕತೆ. ಛತ್ರಿ ಕೇಳಲು ಬಂದವರಿಗೂ ಬಿಡದೆ, “ಮಕ್ಕಳು ಊಟ ಬಿಟ್ಟು ಓದ್ತಾರೆ, ಬರೆದಿಟ್ಕೊಳ್ಳಿ” ಎನ್ನುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ನಗಬಹುದು. ಆದರೆ ಹೆಗ್ಗಣ ನಿಜಕ್ಕೂ ಚೆನ್ನಾಗಿತ್ತು.

ಆಕೆಯನ್ನು ಅತ್ತೆ ಎಂದು ಕರೆಯುವ ಹಕ್ಕು ಇದ್ದದ್ದು ಒಬ್ಬಳಿಗೇ, ಅಣ್ಣನ ಮಗಳಿಗೆ. ಹತ್ತು ವರ್ಷದ ಆ ಹುಡುಗಿ ಎಲ್ಲಕ್ಕೂ ಅಡ್ಡಪ್ರಶ್ನೆ ಹಾಕುತ್ತಿದ್ದಳಾದ್ದರಿಂದ ಮನೆಯಲ್ಲಿ ಅವಳ ಹೆಸರು ವಕೀಲಮ್ಮ. ಎರಡು ವರ್ಷದ ಹಿಂದೆ ಅತ್ತಿಗೆ ಕಾಯಿಲೆಯಿಂದ ತೀರಿಕೊಂಡ ಮೇಲೆ ಅಣ್ಣನೂ ಮಗಳೂ ಅತ್ತೆಯ ಎರಡು ಕೋಣೆಯ ಮನೆಗೇ ಬಂದಿದ್ದರು. ಅಣ್ಣ ಸಿಟಿ ಬಸ್ ಡ್ರೈವರು, ದಿನವೆಲ್ಲ ಸ್ಟಿಯರಿಂಗಿನ ಮುಂದೆ. ಹಾಗಾಗಿ ಶಾಲೆ ಬಿಟ್ಟ ಮೇಲೆ ವಕೀಲಮ್ಮನ ಜಾಗ ಕೌಂಟರಿನ ಹಿಂದಿನ ಸ್ಟೂಲು. ಅತ್ತೆ ಬರೆದ ಪ್ರತಿ ಪುಟವನ್ನೂ ಅವಳು ಕೆಂಪು ಪೆನ್ಸಿಲು ಹಿಡಿದೇ ಓದಿದ್ದಳು. ಓದದೆ ಉಳಿದದ್ದು ಇಪ್ಪತ್ತೆರಡನೇ ಅಧ್ಯಾಯ ಒಂದೇ. ಗುಂಗುರ ರಜೆಗೆ ಮನೆಗೆ ಬಂದು, ತೀರಿಹೋದ ತನ್ನ ಅಮ್ಮನ ಬೀರು ತೆಗೆಯುವ ಅಧ್ಯಾಯ ಅದು. “ಅದನ್ನ ಅಚ್ಚಾದ ಮೇಲೆ ಓದು” ಎಂದು ಅತ್ತೆ ಬಚ್ಚಿಟ್ಟಿದ್ದಳು. ಅದನ್ನು ಬರೆದದ್ದೇ ಈ ಮಗುವಿಗಾಗಿ, ಉಡುಗೊರೆಯ ಹಾಗೆ ಕೊಡಬೇಕೆಂಬ ಆಸೆ.

ಶನಿವಾರ ಮಧ್ಯಾಹ್ನ ಪ್ರೆಸ್ಸಿನಿಂದ ಅಚ್ಚಾದ ಹಾಳೆಗಳು ಬಂದವು. ಹದಿನಾರು ಪುಟಕ್ಕೊಂದು ಫಾರ್ಮಿನಂತೆ ಎಲ್ಲವೂ ಅಚ್ಚಾಗಿದ್ದವು, ಆರನೆಯದೊಂದು ಬಿಟ್ಟು. ಏಳನೇ ಅಧ್ಯಾಯ ಪೂರ್ತಿ ಅದರಲ್ಲಿತ್ತು, ಅದರ ಕಾಗೆಯ ಚಿತ್ರವೂ. ಕಲಾವಿದ ಆ ಚಿತ್ರವನ್ನು ತಡವಾಗಿ ಕೊಟ್ಟಿದ್ದರಿಂದ ಆ ಫಾರ್ಮು ಸೋಮವಾರ ಮೆಷಿನ್ನಿಗೆ ಹೋಗಬೇಕಿತ್ತು.

ವಕೀಲಮ್ಮ ಸ್ಟೂಲಿನ ಮೇಲೆ ಕಾಲು ಮಡಿಸಿ ಕೂತು ಇಪ್ಪತ್ತೆರಡನೇ ಅಧ್ಯಾಯ ಓದಿದಳು. ಅತ್ತೆ ಛತ್ರಿಗಳಿಗೆ ಚೀಟಿ ಅಂಟಿಸುವ ನೆಪದಲ್ಲಿ ಅವಳ ಮುಖವನ್ನೇ ನೋಡುತ್ತಿದ್ದಳು. ಈಗ ಅಳುತ್ತಾಳೆ, ಈಗ ಬಂದು ತಬ್ಬಿಕೊಳ್ಳುತ್ತಾಳೆ ಎಂದು ಕಾದದ್ದೇ ಬಂತು.

“ಅತ್ತೇ, ಒಂದು ಪ್ರಶ್ನೆ.”

“ಕೇಳು ವಕೀಲಮ್ಮ.”

“ಏಳನೇ ಅಧ್ಯಾಯದಲ್ಲಿ ಗುಂಗುರ ಗೊತ್ತಿಲ್ಲದೆ, ಕುರ್ಚಿಯಲ್ಲಿ ಮಲಗಿದ್ದ ದೊಡ್ಡ ಗುರುಗಳ ಕಾಗೆ ಮೇಲೆ ಕೂತ್ಬಿಡ್ತಾನೆ. ಕಾಗೆ ಸತ್ತು ಚಪ್ಪಟೆ ಆಗತ್ತೆ. ಇವನು ಮಂತ್ರ ಹೇಳ್ತಾನೆ, ಅದು ಎದ್ದು ಗುರುಗಳಿಗೇ ಬೈಯತ್ತೆ.”

“ಹೂಂ! ಅದಂತೂ ಎಲ್ಲರಿಗೂ ಇಷ್ಟ.”

“ಕಾಗೇನ ಬದುಕಿಸಿದವನು ಅಮ್ಮನ್ನ ಯಾಕೆ ಬದುಕಿಸಲಿಲ್ಲ?”

ಅತ್ತೆ ನಕ್ಕುಬಿಟ್ಟಳು. “ಅಯ್ಯೋ, ಕಾಗೇದು ತಮಾಷೆಗೆ ಕಣೇ!”

“ಅಮ್ಮನಿಗೆ ಅವನು ಮಂತ್ರಾನೇ ಹೇಳಲಿಲ್ವಾ? ಒಂದ್ಸಲನೂ?”

ಅತ್ತೆ ಕೈಯಲ್ಲಿದ್ದ ಚೀಟಿಯನ್ನು ಕೆಳಗಿಟ್ಟಳು. ವಕೀಲಮ್ಮ ಹಾಳೆಗಳನ್ನು ಜೋಡಿಸಿಟ್ಟು, ಸ್ಟೂಲನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಛತ್ರಿ ಕೇಳಿಕೊಂಡು ಬಂದವರಿಗೆ ‘ಹಿಡಿ ಯಾವ ಬಣ್ಣ, ಎಷ್ಟು ಕಡ್ಡಿ ಮುರಿದಿದೆ’ ಎಂದು ಬೆವರಿಳಿಸುತ್ತಿದ್ದ ಹುಡುಗಿ ಆ ದಿನ ಕಣ್ಣೆತ್ತಿಯೂ ನೋಡಲಿಲ್ಲ. ದಪ್ಪ ಮೀಸೆಯವನೊಬ್ಬ ಬೇರೆಯವರ ಛತ್ರಿಯನ್ನೇ ಹೊತ್ತುಕೊಂಡು ಹೋದ.

ಐದೂವರೆಗೆ ಕೌಂಟರಿನ ಶಟರು ಎಳೆದು, ಅತ್ತೆ ಸ್ಟೂಲಿನ ಮುಂದೆ ನೆಲದ ಮೇಲೆ ಕೂತಳು. “ಏನಾಯ್ತು, ನನ್ನ ಹತ್ರ ಹೇಳಲ್ವಾ?”

ವಕೀಲಮ್ಮ ಶಾಲೆಯ ಬ್ಯಾಗಿನಿಂದ ಒಂದು ಕಂದು ಡಬ್ಬಿ ತೆಗೆದಳು. ಅತ್ತಿಗೆಯ ಕನ್ನಡಕದ ಡಬ್ಬಿ. ಅದನ್ನು ಅತ್ತೆ ವರ್ಷದಿಂದ ಮನೆಯಲ್ಲಿ ಕಂಡಿರಲಿಲ್ಲ.

ಕಾದಂಬರಿಯಲ್ಲಿ ಆ ಮಂತ್ರಕ್ಕೊಂದು ಕ್ರಮವಿದೆ. ಹೋದವರ ವಸ್ತುವನ್ನು ಎಡ ಅಂಗೈಯಲ್ಲಿ ಹಿಡಿಯಬೇಕು. ಕಣ್ಣು ಮುಚ್ಚಿ, ಒಂದೇ ಕಾಲಲ್ಲಿ ಮೂರು ಸುತ್ತು ತಿರುಗಿ, ಒಂದೇ ಉಸಿರಿನಲ್ಲಿ ‘ಹೋದ ದಾರಿ ನೆನಪಿದ್ದರೆ ಅದೇ ದಾರಿ ಹಿಡಿದು ಬಾ’ ಎನ್ನಬೇಕು. ಗುಂಗುರ ಹಿಡಿದದ್ದು ಕಾಗೆಯ ಗರಿಯನ್ನು.

“ಎಷ್ಟು ಸಲ ಹೇಳಿದೆ?” ಎಂದಳು ಅತ್ತೆ.

“ತುಂಬ ಸಲ. ಕಥೆ ಅಂತ ಗೊತ್ತು ನಂಗೆ, ನಾನೇನು ಚಿಕ್ಕ ಮಗು ಅಲ್ಲ. ಆದ್ರೂ ನೋಡೋಣ ಅಂತ. ಯಾವ ಕಾಲಲ್ಲಿ ತಿರುಗಬೇಕು ಅಂತ ನೀನು ಬರೆದಿಲ್ಲ ಅತ್ತೆ. ನಾನೇ ತಪ್ಪು ಕಾಲಲ್ಲಿ ತಿರುಗ್ತಿದೀನೇನೋ ಅನ್ಕೊಂಡಿದ್ದೆ.”

ಮಾಯಾಶಾಲೆಗಾಗಿ ಇಪ್ಪತ್ತೊಂದು ನಿಯಮ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿಕೊಂಡಿದ್ದವಳು ಅತ್ತೆ. ಬಾಯಲ್ಲಿ ಅನ್ನ ಇಟ್ಟುಕೊಂಡು ಮಂತ್ರ ಹೇಳಬಾರದು ಎಂಬುದಕ್ಕೂ ನಿಯಮವಿತ್ತು, ಒದ್ದೆ ಕಾಲಿಗೂ ಇತ್ತು. ಸತ್ತವರ ಬಗ್ಗೆ ಒಂದಕ್ಷರ ಇರಲಿಲ್ಲ. ನಗು ಬಂತು ಅಂತ ಒಂದು ಸತ್ತ ಕಾಗೆಯನ್ನು ಎಬ್ಬಿಸಿ ಕೂರಿಸಿದ್ದಳು, ಆ ಕಾಗೆಯನ್ನೇ ನಂಬಿ ಈ ಮಗು ವರ್ಷವಿಡೀ ಕಾದಿತ್ತು. ಹಾಳಾದ ಬುದ್ಧಿಯೇ ಎಂದು ತನ್ನನ್ನೇ ಬೈದುಕೊಂಡಳು, ಸೆರಗಿನಿಂದ ಮೂಗು ಒರೆಸಿಕೊಂಡಳು. ಅಷ್ಟೇ, ಮರುಗಳಿಗೆ ಹಳೆಯ ಅತ್ತೆ ಎದ್ದು ನಿಂತಿದ್ದಳು.

“ಏಳು. ಪ್ರೆಸ್ಸಿಗೆ ಹೋಗೋಣ.”

“ಯಾಕೆ?”

“ಕಾಗೆ ಸಾಯ್ಬೇಕು.”

ಪ್ರೆಸ್ಸಿನ ಯಜಮಾನ ಅಚ್ಚಿನ ಶಾಯಿಯಲ್ಲೇ ಹುಟ್ಟಿ ಬೆಳೆದವನ ಹಾಗಿದ್ದ. ಉಗುರಿನ ಸಂದಿಯಲ್ಲಿ ಕಪ್ಪು, ಕಿವಿಯ ಮೇಲೆ ಪೆನ್ಸಿಲು. ಅತ್ತೆಯ ಮಾತು ಕೇಳಿ ಅವನು ತಲೆಯ ಮೇಲೆ ಕೈ ಹೊತ್ತು ಕೂತ.

“ಮೇಡಂ, ನಿಮಗೇನಾದ್ರೂ ತಲೆ ಕೆಟ್ಟಿದೆಯಾ? ಇಡೀ ಪುಸ್ತಕಕ್ಕೆ ಆ ಕಾಗೇನೇ ಕಳೆ. ಪ್ರೂಫ್ ಓದಿ ನಮ್ಮ ಬೈಂಡಿಂಗ್ ಹೆಂಗಸರು ಹೊಟ್ಟೆ ಹಿಡ್ಕೊಂಡು ನಕ್ಕಿದಾರೆ.”

“ಗೊತ್ತು ಕಣ್ರೀ. ಬರೆದವಳು ನಾನೇ ಅಲ್ವಾ?”

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಾಗಾಯ್ತು ನಿಮ್ಮದು. ಹಿಂದೆ ಮುಂದೆ ಎಲ್ಲ ಅಚ್ಚಾಗಿದೆ. ಆ ಅಧ್ಯಾಯ ಒಂಬತ್ತು ಪುಟ ಇದೆ, ಒಂಬತ್ತೇ ಇರ್ಬೇಕು. ಒಂದು ಸಾಲು ಹೆಚ್ಚಾದ್ರೆ ಮುಂದಿನ ಅಧ್ಯಾಯದ ತಲೆ ಮೇಲೆ ಕೂರುತ್ತೆ. ಕಡಿಮೆ ಆದ್ರೆ ಪುಟ ಬೋಳು. ಇನ್ನು ಚಿತ್ರ ಅಂತೂ ಬದಲಾಗಲ್ಲ. ಬರೆದ ಪುಣ್ಯಾತ್ಮ ಊರಲ್ಲಿಲ್ಲ.”

ಚಿತ್ರದಲ್ಲಿ ಕಾಗೆಯೊಂದು ದೊಡ್ಡ ಗುರುಗಳ ಟೋಪಿಯ ಮೇಲೆ ನಿಂತು, ಕೊಕ್ಕು ಅಗಲಿಸಿ ಅವರಿಗೆ ಬೈಯುತ್ತಿತ್ತು. ಸತ್ತ ಕಾಗೆ ಬೈಯುವುದು ಹೇಗೆ?

“ಅಂದ ಹಾಗೆ ಆ ಕಾಗೆ ಮುಂದೆ ಎಲ್ಲೂ ಬರಲ್ಲ, ನಾನು ನೋಡಿದೀನಿ” ಎಂದಳು ವಕೀಲಮ್ಮ. “ಹದಿನೆಂಟರಲ್ಲಿ ಒಂದು ಕಡೆ ಕಾ ಅನ್ನತ್ತೆ. ಅದು ಯಾವ ಕಾಗೆ ಬೇಕಾದ್ರೂ ಆಗಿರಬಹುದು.”

ಯಜಮಾನ ಅವಳನ್ನು ದಿಟ್ಟಿಸಿ ನೋಡಿದ. “ನಾಳೆ ಮೂರು ಗಂಟೆಗೆ ಬನ್ನಿ. ಭಾನುವಾರ ಕೆಲಸದವರು ಇರಲ್ಲ, ನಾನೇ ಟೈಪ್ ಮಾಡ್ತೀನಿ. ಒಂಬತ್ತೇ ಪುಟ, ನೆನಪಿರ್ಲಿ.”

ಭಾನುವಾರ ಕೌಂಟರಿನಲ್ಲಿ ಅತ್ತೆ ಬೆಳಿಗ್ಗೆಯಿಂದ ಬರೆದಳು. ಗುಂಗುರ ಕಾಗೆಯ ಮೇಲೆ ಕೂತ. ಗರಿ ಹಿಡಿದ, ತಿರುಗಿದ, ಮಂತ್ರ ಹೇಳಿದ. ಕಾಗೆ ಏಳಲಿಲ್ಲ. ಅಲ್ಲಿಗೆ ಬಂದು ಪೆನ್ನು ನಿಂತಿತು, ಚಿತ್ರದ ಕಾಗೆಯನ್ನು ಎಲ್ಲಿಂದ ತರುವುದು? ಆಗ ಎದುರಿನ ಪ್ಲಾಟ್‌ಫಾರ್ಮಿನ ತಗಡಿನ ಮೇಲೆ ಎರಡು ಕಾಗೆ ಕಚ್ಚಾಡುತ್ತಿದ್ದವು. ಒಂದು ಕಾಗೆ ಸತ್ತರೆ ಊರಿನ ಕಾಗೆಯೆಲ್ಲ ಬಂದು ಗಲಾಟೆ ಎಬ್ಬಿಸುತ್ತವೆ, ಅದನ್ನು ಯಾರು ನೋಡಿಲ್ಲ! ಅತ್ತೆ ತೊಡೆ ತಟ್ಟಿಕೊಂಡಳು. ಸತ್ತ ಕಾಗೆಯ ದೊಡ್ಡಪ್ಪ, ಚಿಕ್ಕಮ್ಮ, ಷಡ್ಡಕ, ನಾದಿನಿ, ಎಲ್ಲ ಶಾಲೆಯ ಅಂಗಳಕ್ಕೆ ಇಳಿದವು. ಕುರ್ಚಿಯ ಮೇಲೆ ಕಾಗೆಯನ್ನು ಮಲಗಿಸಿದ ತಪ್ಪಿಗೆ ದೊಡ್ಡ ಗುರುಗಳನ್ನು ಹಿಗ್ಗಾಮುಗ್ಗಾ ಬೈದವು. ಚಿಕ್ಕಮ್ಮನಂತೂ ಟೋಪಿಯ ಮೇಲೇ ಹತ್ತಿತು. ಓದಿದ ವಕೀಲಮ್ಮ ಷಡ್ಡಕ ಬಂದಲ್ಲಿ ಫಕ್ಕನೆ ನಕ್ಕಳು. ಅತ್ತೆಗೆ ಅರ್ಧ ಜೀವ ಬಂತು.

ಮೂರು ಗಂಟೆಗೆ ಪ್ರೆಸ್ಸಿನಲ್ಲಿ ಯಜಮಾನ ಎರಡೇ ಬೆರಳಿನಲ್ಲಿ ಟೈಪ್ ಮಾಡಿದ. ಅವನು ಮುಗಿಸುವಷ್ಟರಲ್ಲಿ ಮಾಯಾಶಾಲೆಯಲ್ಲಿ ಒಂದು ವರ್ಷ ಕಳೆಯುತ್ತಿತ್ತು. ಕೊನೆಗೆ ಕನ್ನಡಕ ಹಣೆಗೇರಿಸಿ, “ಒಂಬತ್ತನೇ ಪುಟದಲ್ಲಿ ಹದಿನಾಲ್ಕು ಸಾಲು ಖಾಲಿ. ಒಂದು ಹೂವಿನ ಚಿತ್ರ ಹಾಕಿ ಮುಚ್ಚಿಬಿಡ್ಲಾ?” ಎಂದ.

“ಬೇಡ” ಎಂದಳು ವಕೀಲಮ್ಮ. ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದಳು. “ಗುಂಗುರ ಮಂತ್ರ ಸರಿಯಾಗಿ ಹೇಳಿದ್ನಾ, ತಪ್ಪಾಗಿ ಹೇಳಿದ್ನಾ? ಅದನ್ನ ಯಾರೂ ಹೇಳೇ ಇಲ್ಲ.”

ಅತ್ತೆ ಅವಳನ್ನು ನೋಡಿದಳು. ಆಮೇಲೆ ಯಜಮಾನನ ಕುರ್ಚಿಯ ಹಿಂದೆ ನಿಂತು, “ಬರ್ಕೊಳ್ರೀ” ಎಂದಳು.

ಕಾಗೆಗಳೆಲ್ಲ ಹಾರಿಹೋದ ಮೇಲೆ ದೊಡ್ಡ ಗುರುಗಳು ಮೆಟ್ಟಿಲ ಮೇಲೆ ಗುಂಗುರನ ಪಕ್ಕ ಕೂತರು. ಯಾವ ಕಾಲಲ್ಲಿ ತಿರುಗಿದೆ ಎಂದು ಕೇಳಿದರು. ಮೊದಲು ಬಲಗಾಲು, ಆಮೇಲೆ ಎಡಗಾಲು ಎಂದ ಗುಂಗುರ. ‘ಎರಡೂ ಸರಿ ಮಗು. ನೀನು ಒಂದಕ್ಷರವೂ ತಪ್ಪಲಿಲ್ಲ. ಇಷ್ಟು ಚೊಕ್ಕವಾಗಿ ಈ ಮಂತ್ರ ಹೇಳಿದವರನ್ನು ನಾನು ನೋಡೇ ಇಲ್ಲ. ಕಳೆದುಹೋದದ್ದನ್ನು ಅದು ತರುತ್ತದೆ, ಸತ್ತವರನ್ನು ತರಲಾರದು. ಅದು ಮಂತ್ರದ ಕೊರತೆ, ನಿನ್ನದಲ್ಲ. ಅಳಬೇಡ.’ ನಿಮಗೆ ಹೇಗೆ ಗೊತ್ತು ಎಂದು ಕೇಳಿದ ಗುಂಗುರ. ‘ನಮ್ಮಮ್ಮ ಹೋದಾಗ ನಾನೂ ತಿರುಗಿದ್ದೆ,’ ಎಂದರು ದೊಡ್ಡ ಗುರುಗಳು, ‘ಎರಡೂ ಕಾಲಲ್ಲಿ.’

ಟೈಪಿನ ಸದ್ದು ನಿಂತಿತು. ಯಜಮಾನ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. “ಇಂಕು ಹೋಯ್ತು ಕಣ್ಣಿಗೆ.”

“ಕಂಪ್ಯೂಟರಲ್ಲಿ ಇಂಕು ಎಲ್ಲಿಂದ ಬಂತು?” ಎಂದಳು ವಕೀಲಮ್ಮ.

ಪುಟ ತೆಗೆದು ಎಣಿಸಿದರೆ ಹದಿನೈದು ಸಾಲು. ಒಂದು ಹೆಚ್ಚು. ಅತ್ತೆ ತಲೆ ಕೆರೆದುಕೊಂಡಳು, ಯಾವುದನ್ನು ಬಿಡುವುದಕ್ಕೂ ಅವಳಿಗೆ ಮನಸ್ಸಿಲ್ಲ. ವಕೀಲಮ್ಮ ಕೆಂಪು ಪೆನ್ಸಿಲು ತೆಗೆದು, ‘ಅಳಬೇಡ’ ಎಂಬ ಮಾತೊಂದೇ ಒಂಟಿಯಾಗಿ ಕೂತಿದ್ದ ಸಾಲನ್ನು ಹೊಡೆದುಹಾಕಿದಳು.

“ಇದು ಬೇಡ. ಗುಂಗುರ ಅಳ್ಲಿ ಬಿಡು.”

ಹೇಳಿದವಳೇ ಅತ್ತೆಯ ಹೊಟ್ಟೆಗೆ ಮುಖ ಒತ್ತಿ ಜೋರಾಗಿ ಅತ್ತಳು. ಎರಡು ವರ್ಷದಲ್ಲಿ ಅವಳು ಹಾಗೆ ಅತ್ತದ್ದನ್ನು ಅತ್ತೆ ಕಂಡಿರಲಿಲ್ಲ. ಸುಮ್ಮನಿರು ಎಂದು ಒಂದು ಸಲವೂ ಹೇಳದೆ, ತಲೆ ನೇವರಿಸುತ್ತ ನಿಂತಿದ್ದಳು. ಯಜಮಾನ ಸದ್ದಿಲ್ಲದೆ ಇನ್ನೊಂದು ಸಲ ಸಾಲು ಎಣಿಸಿದ. ಸರಿಯಾಗಿ ಹದಿನಾಲ್ಕು.

ಮನೆಗೆ ಬಂದ ಮೇಲೆ ವಕೀಲಮ್ಮ ಬೀರು ತೆಗೆದು, ಅಮ್ಮನ ಬಟ್ಟೆಗಳ ಪಕ್ಕದಲ್ಲಿ ಕಂದು ಡಬ್ಬಿಯನ್ನು ಇಟ್ಟಳು. ತಿರುಗಲಿಲ್ಲ, ಮಂತ್ರ ಹೇಳಲಿಲ್ಲ. ಬಾಗಿಲು ಹಾಕಿ ಬಂದು ಇಪ್ಪತ್ತೆರಡನೇ ಅಧ್ಯಾಯವನ್ನು ಮತ್ತೊಮ್ಮೆ ಮೊದಲಿನಿಂದ ಓದಿದಳು.

“ಈಗ ಸರಿಯಾಗಿದೆ ಅತ್ತೆ” ಎಂದಳು.

“ನಂಗೆ ಮೊದಲೇ ಗೊತ್ತಿತ್ತು” ಎಂದಳು ಅತ್ತೆ.

“ಸುಳ್ಳು” ಎಂದು ವಕೀಲಮ್ಮ ಅವಳ ಮಡಿಲಿಗೆ ತಲೆ ಇಟ್ಟಳು.