ಕಾಜಾ ಹಾಕಿದ ಚೀಲಗಳು

ಮೂರನೆಯ ಅಂಗಡಿಯಲ್ಲೂ ಬೀಜಗಳೆಲ್ಲ ಗುಲಾಬಿ ಬಣ್ಣಕ್ಕಿದ್ದವು.

"ಇದೇನಪ್ಪ, ಬೀಜಕ್ಕೂ ಲಿಪ್‌ಸ್ಟಿಕ್ಕಾ?" ಎಂದಳು ಟೈಲರಮ್ಮ.

"ಔಷಧಿ ಕಣಮ್ಮ. ಹುಳ ಹತ್ರ ಸುಳಿಯಲ್ಲ."

"ಹುಳಾನೂ ಮುಟ್ಟದ್ದನ್ನ ನಾನು ತಿನ್ಬೇಕಾ?"

ಅಂಗಡಿಯವನು ನಕ್ಕು, ಹಿಂದಿನ ಬೀದಿಯ ನಿವೃತ್ತ ನರ್ಸಿನ ಮನೆ ತೋರಿಸಿದ. ಅಲ್ಲಿ ಔಷಧಿ ಹಾಕದ ನಾಟಿ ಬೀಜಗಳು ಸಾಲಾಗಿ ಕೂತಿದ್ದವು, ಹಳೆಯ ಔಷಧಿ ಬಾಟಲಿಗಳಲ್ಲೇ. ಬೆಂಡೆಯ ಮೇಲೆ 'ಊಟದ ನಂತರ' ಎಂಬ ಚೀಟಿ ಇನ್ನೂ ಇತ್ತು.

"ಎಲ್ಲಿ ಬಿತ್ತೀಯ ನೋಡದೆ ಕೊಡಲ್ಲ," ಎಂದ ನರ್ಸಮ್ಮ ಬಾಟಲಿಗಳನ್ನು ಕೈಚೀಲಕ್ಕೆ ತುಂಬಿಕೊಂಡು ಹಿಂದೆಯೇ ಹೊರಟಳು.

ತಾರಸಿಯ ಮೇಲೆ ಹನ್ನೆರಡು ಚೀಲಗಳು ಕಾಯುತ್ತಿದ್ದವು. ತಾರಸಿ ಮೇಲೆ ಒಂದು ತೊಟ್ಟು ನೀರು ಬಿದ್ದರೂ ತೋಟ ಖಾಲಿ ಮಾಡಬೇಕು ಎಂದಿದ್ದರು ಮನೆ ಮಾಲೀಕರು. ಹಾಗಾಗಿ ಟೈಲರಮ್ಮ ಹಳೆಯ ರೇನ್‌ಕೋಟುಗಳನ್ನು ಬಿಚ್ಚಿ ಆ ಚೀಲಗಳನ್ನು ಹೊಲಿದು, ತಳಕ್ಕೆ ಮೂರು ಸಾಲು ಹೊಲಿಗೆ ಹಾಕಿದ್ದಳು. ನರ್ಸಮ್ಮ ಒಂದು ಚೀಲಕ್ಕೆ ಒಂದು ಮಗ್ ನೀರು ಸುರಿದಳು. ಒಂದು ಹನಿಯೂ ಸೋರಲಿಲ್ಲ. ಟೈಲರಮ್ಮನ ಮುಖ ಅರಳಿತು.

"ಇದು ತೋಟವಲ್ಲ ತಾಯಿ, ಈಜುಕೊಳ. ಬೇರು ಉಸಿರುಕಟ್ಟಿ ಸಾಯತ್ತೆ."

"ತೂತು ಮಾಡಿದ್ರೆ ಮಾಲೀಕರು ಬಿಡಲ್ಲಮ್ಮ."

"ಮಾಡ್ದಿದ್ರೆ ನಾನು ಕೊಡಲ್ಲ. ಭಾನುವಾರ ಬರ್ತೀನಿ. ಆಗ್ಲೂ ಹೀಗೇ ಇದ್ರೆ ಬೀಜ ಬೇರೆಯವರಿಗೆ."

ಬಾಟಲಿಗಳು ಗಲಗಲ ಸದ್ದು ಮಾಡುತ್ತ ಮೆಟ್ಟಿಲಿಳಿದವು. ಎರಡು ವರ್ಷ ಕಾಡಿ ಬೇಡಿ ಪಡೆದ ತಾರಸಿಯೂ ಅವುಗಳ ಬೆನ್ನಿಗೇ ಜಾರಿಹೋಗುತ್ತಿರುವಂತೆ ಅನಿಸಿತು ಟೈಲರಮ್ಮನಿಗೆ.

ನಾದಿನಿ ಮೊಳೆ, ಸುತ್ತಿಗೆ ಹಿಡಿದು ಬಂದಳು. "ನಾಲ್ಕು ಹೊಡೀರಿ ಅತ್ತಿಗೆ, ಮುಗೀತು."

"ಬಟ್ಟೆಗೆ ಮೊಳೇನಾ? ನನ್ನ ಕೈ ಬಿದ್ದುಹೋಗತ್ತೆ!"

ತೂತು ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ: ಗುಂಡಿ ಹಾಕುವ ಕಾಜಾ. ಚೀಲಕ್ಕೆ ನಾಲ್ಕರಂತೆ, ಅಂಚಿಗೆ ದಾರ ಸುತ್ತಿ, ನಲವತ್ತೆಂಟು ಕಾಜಾ ಹಾಕಿದಳು. ಹಾಕುತ್ತಲೇ ಒಂದು ಉಪಾಯ ಹೊಳೆಯಿತು. ಪ್ರತಿ ಚೀಲದ ಅಡಿಗೂ ರೇನ್‌ಕೋಟಿನದೇ ಅಗಲವಾದ ಜೇಬು ಹೊಲಿದು, ಅದರೊಳಗೆ ಸಣ್ಣ ಕಲ್ಲು ತುಂಬಿದಳು. ಸೋರಿದ ನೀರು ಕಲ್ಲುಗಳ ನಡುವೆ ನಿಲ್ಲಬೇಕು.

"ಗಿಡ ಜೇಬಲ್ಲಿ ಕೈ ಇಟ್ಕೊಂಡು ನಿಲ್ಲತ್ತಾ ಅತ್ತಿಗೆ?"

"ನಿನ್ನ ಹಾಗೇನೇ. ಮಣ್ಣು ತುಂಬು ನಡಿ."

ಭಾನುವಾರ ನರ್ಸಮ್ಮ ಬಂದಳು. ಸದ್ದು ಕೇಳಿ ಮಾಲೀಕರೂ ಹತ್ತಿ ಬಂದರು. ನರ್ಸಮ್ಮ ನೀರು ಸುರಿದಳು. ಮಣ್ಣು ಗುಟುಗುಟು ಕುಡಿಯಿತು. ಕಾಜಾಗಳಿಂದ ತೊಟ್ಟು ತೊಟ್ಟಾಗಿ ಇಳಿದ ನೀರು ಜೇಬಿನಲ್ಲಿ ನಿಂತಿತು. ಮಾಲೀಕರು ಬಗ್ಗಿ ನೆಲಕ್ಕೆ ಅಂಗೈ ಒತ್ತಿದರು. ಎತ್ತಿ ನೋಡಿದರು. ಇನ್ನೊಂದು ಕಡೆ ಒತ್ತಿದರು. ಬರೀ ಧೂಳು.

"ಸರಿ, ಇರ್ಲಿ," ಎಂದರು. ಆದರೂ ಹೋಗದೆ ಅಲ್ಲೇ ನಿಂತರು.

ನರ್ಸಮ್ಮ ಮಣ್ಣು ತುಂಬಲು ಬಾಕಿಯಿದ್ದ ಒಂದು ಚೀಲದೊಳಗೆ ಬಗ್ಗಿ ನೋಡಿ ಕಾಜಾ ಸವರಿದಳು. "ಮೂವತ್ತು ವರ್ಷ ಸೂಜಿ ಚುಚ್ಚಿದೀನಿ. ಇಷ್ಟು ಚಂದದ ತೂತು ಒಂದೂ ಹಾಕ್ಲಿಲ್ಲ." ಆಮೇಲೆ ಬಾಟಲಿಗಳನ್ನು ಒಂದೊಂದಾಗಿ ಟೈಲರಮ್ಮನ ಮಡಿಲಿಗಿಟ್ಟಳು: ಬೆಂಡೆ, ಟೊಮೆಟೊ, ಪಾಲಕ್, ಬೀನ್ಸ್.

ಟೈಲರಮ್ಮ ಟೇಪು ಹಿಡಿದು ಅಳೆದು ಬೆರಳೂರಿ ಬೀಜ ಬಿಟ್ಟಳು. ಮೊಣಕೈವರೆಗೂ ಮಣ್ಣು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗಿದರು: "ಟೈಲರಮ್ಮಾ, ನನ್ನ ಪ್ಯಾಂಟು ರೆಡಿನಾ?"

"ಇಲ್ಲ!" ಎಂದು ಅವಳು ಖುಷಿಯಿಂದ ಕೂಗಿದಳು. "ಮೇಲೆ ಬನ್ನಿ! ಬರ್ತಾ ಒಂದು ಬಕೆಟ್ ನೀರು ತನ್ನಿ!"